ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯ ಹಕ್ಕಿ ನೋಟ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಿನ ಹಕ್ಕಿ ನೋಟಕ್ಕೆ ಬರುವವರು ದಾರಿಯಲ್ಲಿ ಕೇಳಿದ ಪ್ರಶ್ನೆಗಳು ಮತ್ತು ಮನೆಗೆ ಹೋದ ಮೇಲೆ ಫೋಟೊ ಕಳಿಸಿ ವಿಚಾರಿಸಿದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವವನ್ನು ಇಲ್ಲಿ ಕೂಡಿಸಲಾಗಿದೆ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಹಂಪಿ, ದರೋಜಿ ಕರಡಿಧಾಮ, ಅಂಕಸಮುದ್ರದಂಥ ಜಾಗಗಳನ್ನು 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯೊಂದಿಗೆ ಸೇರಿಸಿ ಹೇಳಬೇಕಾದರೂ, ನಮ್ಮ ಓಡಾಟ ಅಲ್ಲಿಯವರೆಗೂ ಹೋಗುವುದರಿಂದ ಅವನ್ನು ಬಿಟ್ಟಿಲ್ಲ.

## ಹೊಸಬರು ಕೇಳುವವು

ನಮ್ಮದು ಬಿಸಿಲ ನಾಡು. ಹಕ್ಕಿ ನೋಡ್ಬೇಕಂದ್ರ ಮಲೆನಾಡಿಗೇ ಹೋಗ್ಬೇಕಲ್ಲೇನ್ರಿ?

ಹೋಗಬೇಕಾಗಿಲ್ಲ. ಮಲೆನಾಡಿನಲ್ಲಿ ಕಾಣದ ಎಷ್ಟೋ ಹಕ್ಕಿಗಳು ಇಲ್ಲಿವೆ, ಮತ್ತು ಅವನ್ನು ನೋಡಲು ಹೊರಗಿನವರು ನಮ್ಮ ಕಡೆಗೆ ಬರುತ್ತಾರೆ. ಈ ಸೀಮೆಯನ್ನು ಹಕ್ಕಿಯ ದೃಷ್ಟಿಯಿಂದ ನಾಲ್ಕು ಬಗೆಯ ನೆಲವಾಗಿ ನೋಡಬೇಕು. ಆನೆಗುಂದಿ, ಹಂಪಿ, ಮಸ್ಕಿ, ಮುದಗಲ್ಲುಗಳ ಹೆಬ್ಬಂಡೆಯ ಗುಡ್ಡಗಳು ಮೊದಲನೆಯದು. ಸಿರುಗುಪ್ಪ, ಯಲಬುರ್ಗಾ, ಲಿಂಗಸುಗೂರು ಕಡೆಯ ಬಯಲು ಎರೆಹೊಲಗಳು ಎರಡನೆಯದು. ತುಂಗಭದ್ರೆಯ ಹಿನ್ನೀರು, ಕೃಷ್ಣೆಯ ಮರಳದಿಬ್ಬಗಳು ಮತ್ತು ಊರೂರ ಕೆರೆಗಳು ಮೂರನೆಯದು. ಅಣೆಕಟ್ಟೆಯಲ್ಲಿ 1953ರಲ್ಲಿ ನೀರು ನಿಂತ ಮೇಲೆ ಎಡದಂಡೆ, ಬಲದಂಡೆ ಕಾಲುವೆಗಳ ಕೆಳಗೆ ಹುಟ್ಟಿದ ಗಂಗಾವತಿ, ಸಿಂಧನೂರು, ಸಿರುಗುಪ್ಪಗಳ ಭತ್ತದ ಗದ್ದೆಗಳು ನಾಲ್ಕನೆಯದು. ಹಕ್ಕಿಯ ಹೆಸರು ಹುಡುಕುವ ಮೊದಲು ಅದು ಈ ನಾಲ್ಕರಲ್ಲಿ ಯಾವ ನೆಲದ ಮೇಲಿದೆ ಎಂದು ಗಮನಿಸಿದರೆ ಅರ್ಧ ಕೆಲಸ ಮುಗಿಯುತ್ತದೆ. ಕೆಳಗಿನ ಹೆಚ್ಚಿನ ಉತ್ತರಗಳು ಈ ಒಂದು ಮಾತಿನ ಮೇಲೆಯೇ ನಿಂತಿವೆ.

ಈ ನೆಲವನ್ನು ಹಕ್ಕಿಗಾಗಿ ನೋಡಿದವರಲ್ಲಿ ನಾವು ಮೊದಲಿಗರೇನೂ ಅಲ್ಲ. ರಾಯಚೂರು ಮತ್ತು ಕೊಪ್ಪಳ ನಿಜಾಮರ ಆಡಳಿತದಲ್ಲಿದ್ದಾಗ, 1930ರ ದಶಕದ ಆರಂಭದಲ್ಲಿ, ಸಲೀಂ ಅಲಿಯವರು ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆಯನ್ನು ನಡೆಸಿದ್ದರು.

ಯಾವ ತಿಂಗಳಿನ್ಯಾಗ ಬಂದ್ರ ಚೊಲೊ?

ಒಂದೇ ಸಲ ಬರುವುದಾದರೆ ಡಿಸೆಂಬರ್ ಮತ್ತು ಜನವರಿ ಒಳ್ಳೆಯವು. ಹೆಚ್ಚಿನ ವಲಸೆ ಹಕ್ಕಿಗಳು ಸೆಪ್ಟೆಂಬರ್ ಕೊನೆಯಿಂದ ಬರತೊಡಗಿ, ಮಾರ್ಚ್ ಮುಗಿಯುವ ಹೊತ್ತಿಗೆ ಬಹುಪಾಲು ಹೊರಟುಹೋಗಿರುತ್ತವೆ. ಆದರೆ ನೀರಹಕ್ಕಿಗಳ ಲೆಕ್ಕ ಸ್ವಲ್ಪ ಬೇರೆ. ಅಕ್ಟೋಬರಿನಲ್ಲಿ ಜಲಾಶಯ ತುಂಬಿರುವಾಗ ದಂಡೆಯಲ್ಲಿ ಕೆಸರೇ ಇರುವುದಿಲ್ಲ, ಹೀಗಾಗಿ ಕೆಸರಿನಲ್ಲಿ ಮೇಯುವ ದಂಡೆಹಕ್ಕಿಗಳಾದ ಗೊರವಗಳಿಗೆ ನಿಲ್ಲಲು ಜಾಗವಿಲ್ಲ. ಕಾಲುವೆಗೆ ನೀರು ಬಿಟ್ಟು ಮಟ್ಟ ಇಳಿದಂತೆ ಕೆಸರುದಂಡೆ ತೆರೆದುಕೊಳ್ಳುತ್ತದೆ ಮತ್ತು ಹಕ್ಕಿಗಳು ಅದರ ಅಂಚನ್ನು ಹಿಂಬಾಲಿಸುತ್ತವೆ. ಹಾಗಾಗಿ ಹಿನ್ನೀರಿಗೆ ಹೊರಡುವ ಮುನ್ನ ಜಲಾಶಯದ ಮಟ್ಟ ನೋಡಿಕೊಳ್ಳುವುದು ಕ್ಯಾಲೆಂಡರ್ ನೋಡುವುದಕ್ಕಿಂತ ಉಪಯುಕ್ತ.

ಮಳೆಗಾಲವನ್ನು ಕಡೆಗಣಿಸಬೇಡಿ. ಮೊದಲ ಮಳೆಯ ಹೊತ್ತಿಗೆ ಚಾತಕ ಬರುತ್ತದೆ, ಗೀಜಗ ಗೂಡು ನೇಯುತ್ತದೆ, ನೆಲಗುಬ್ಬಿಗಳು ಹೊಲದ ಮೇಲೆ ಹಾರಿ ಹಾಡುತ್ತವೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮಾತ್ರ ಬೆಳಿಗ್ಗೆ ಎಂಟೂವರೆಯ ಮೇಲೆ ಹೊರಗಿರುವುದರಲ್ಲಿ ಅರ್ಥವಿಲ್ಲ. ಹಕ್ಕಿಗಳೂ ನೆರಳಿಗೆ ಹೋಗಿರುತ್ತವೆ.

ಬೈನಾಕ್ಯುಲರ್ ಇಲ್ಲ, ಮೊಬೈಲ್ ಸಾಕಾಗಲ್ವಾ?

ಮೊದಲ ಒಂದೆರಡು ಸಲ ಬೇರೆಯವರ ಬೈನಾಕ್ಯುಲರ್ ಹಂಚಿಕೊಂಡು ನೋಡಿ. ಕೊಳ್ಳುವುದಾದರೆ ಎಂಟು ಪಟ್ಟು ಹಿಗ್ಗಿಸುವ, 40 ಅಥವಾ 42 ಮಿಲಿಮೀಟರ್ ಮಸೂರದ್ದನ್ನು ಕೊಳ್ಳಿ. ಹೆಚ್ಚು ಪಟ್ಟು ಇದ್ದಷ್ಟೂ ಒಳ್ಳೆಯದು ಎಂಬ ಅಂಗಡಿಯವರ ಮಾತನ್ನು ನಂಬಬೇಡಿ, ಏಕೆಂದರೆ ಹನ್ನೆರಡು ಪಟ್ಟಿನದರಲ್ಲಿ ಕೈನಡುಕವೂ ಅಷ್ಟೇ ಪಟ್ಟು ಹಿಗ್ಗುತ್ತದೆ, ನೋಟದ ಅಗಲವೂ ಕುಗ್ಗುತ್ತದೆ. ಮೊಬೈಲಿನಲ್ಲಿ ದೂರದ ಹಕ್ಕಿ ಚುಕ್ಕೆಯಾಗಿ ಬರುತ್ತದೆ. ಆದರೆ ಅದರ ಕೂಗನ್ನು ಧ್ವನಿಮುದ್ರಿಸಲು ಮೊಬೈಲ್ ಬಹಳ ಒಳ್ಳೆಯ ಸಾಧನ, ಈ ಉಪಯೋಗವನ್ನು ಹೆಚ್ಚಿನವರು ಮರೆಯುತ್ತಾರೆ.

ಬಟ್ಟೆ ಹಸಿರೇ ಹಾಕ್ಕೋಬೇಕಾ?

ನಮ್ಮ ಕಡೆ ಹಸಿರಿಗಿಂತ ಮಣ್ಣಿನ ಬಣ್ಣ ಹೆಚ್ಚು ಹೊಂದುತ್ತದೆ. ಬಿಳಿ ಮತ್ತು ಕಣ್ಣು ಕೋರೈಸುವ ಬಣ್ಣ ಬೇಡ. ಮುಳ್ಳು ಚುಚ್ಚದ ಬೂಟು, ಟೊಪ್ಪಿಗೆ ಮತ್ತು ಸಾಕಷ್ಟು ನೀರು ಬಟ್ಟೆಯ ಬಣ್ಣಕ್ಕಿಂತ ಮುಖ್ಯ. ಬಳ್ಳಾರಿ ಜಾಲಿಯ ಮುಳ್ಳು ಚಪ್ಪಲಿಯನ್ನು ತೂರಿ ಬರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಹೊಲದಾಗ ಇಳಿದ್ರ ರೈತರು ಬೈಯಂಗಿಲ್ಲೇನು?

ಕೇಳಿ ಇಳಿದರೆ ಬೈಯುವುದಿಲ್ಲ. ಬದುವಿನ ಮೇಲೆ ನಡೆಯಬೇಕು, ಬೆಳೆಯ ನಡುವೆ ಕಾಲಿಡಬಾರದು, ಬಿತ್ತಿದ ನೆಲವನ್ನು ತುಳಿಯಬಾರದು. ಕ್ಯಾಮೆರಾ ಹಿಡಿದು ಹೊಲದ ಬಳಿ ನಿಂತವರನ್ನು ಭೂಸ್ವಾಧೀನಕ್ಕೋ ಗಣಿಯ ಸರ್ವೆಗೋ ಬಂದವರೆಂದು ಭಾವಿಸುವುದು ಈ ಸೀಮೆಯಲ್ಲಿ ಸಹಜ, ಮತ್ತು ಆ ಅನುಮಾನಕ್ಕೆ ಕಾರಣಗಳೂ ಇವೆ. ಯಜಮಾನರಿಗೆ ನಮಸ್ಕಾರ ಹೇಳಿ, ಬೈನಾಕ್ಯುಲರನ್ನು ಅವರ ಕೈಗೇ ಕೊಟ್ಟು ತೋರಿಸಿದರೆ, ಗೌಜಲಕ್ಕಿ ಎಲ್ಲಿ ಮೊಟ್ಟೆಯಿಟ್ಟಿದೆ, ಯಾವ ಹಳ್ಳಕ್ಕೆ ಯಾವ ಹಕ್ಕಿ ನೀರಿಗೆ ಬರುತ್ತದೆ ಎಂಬುದನ್ನು ಅವರೇ ಹೇಳುತ್ತಾರೆ. ಕುರಿಗಾಹಿಗಳಂತೂ ಇದರಲ್ಲಿ ನಮಗಿಂತ ಬಹಳ ಮುಂದೆ.

ದರೋಜಿಯಲ್ಲಿ ಕರಡಿ ಬಿಟ್ಟರೆ ಇನ್ನೇನಿದೆ?

ಕರಡಿಗಾಗಿ 1994ರಲ್ಲಿ ಘೋಷಣೆಯಾದ ಈ ಧಾಮ ಹಕ್ಕಿ ನೋಡುವವರಿಗೂ ಅಷ್ಟೇ ದೊಡ್ಡ ಜಾಗ. ಕರಡಿಗಳಿಗೆಂದು ಬಂಡೆಗಳ ಮೇಲೆ ಬಳಿಯುವ ಸಿಹಿಗೆ ನವಿಲು, ಗೌಜಲಕ್ಕಿಗಳ ಜೊತೆಗೆ ಚಿತ್ತಾರದ ಚಿಟ್ಟುಕೋಳಿಯೂ ಬರುತ್ತದೆ. ಬೇರೆ ಕಡೆ ಪೊದೆಯಿಂದ ಪೊದೆಗೆ ಓಡಿ ಮಾಯವಾಗುವ ಈ ಹಕ್ಕಿ ಬಂಡೆಯ ಮೇಲೆ ಬಯಲಿನಲ್ಲಿ ನಿಲ್ಲುವುದನ್ನು ವೀಕ್ಷಣಾ ಗೋಪುರದಿಂದ ನೋಡಬಹುದು. ಗಂಡಿನ ಕಪ್ಪು ತಲೆ ಮತ್ತು ಮೈಮೇಲೆ ಬಿಳಿ ಚುಕ್ಕೆಗಳಿರುತ್ತವೆ. ಹೆಣ್ಣು ಸಾದಾ ಕಂದು ಬಣ್ಣದ್ದಾದ್ದರಿಂದ ಗೌಜಲಕ್ಕಿಯೆಂದು ಬರೆದುಕೊಳ್ಳುವವರು ಹೆಚ್ಚು. ಗೌಜಲಕ್ಕಿಗೆ ಮೈತುಂಬ ಅಡ್ಡಗೆರೆಗಳಿರುತ್ತವೆ, ಇದಕ್ಕೆ ಇರುವುದಿಲ್ಲ.

ಸುತ್ತಲಿನ ಕುರುಚಲಿನಲ್ಲಿ ಪಾರಿವಾಳದಂಥ ನೆಲಹಕ್ಕಿಗಳಾದ ಸ್ಯಾಂಡ್‌ಗ್ರೌಸ್‌ಗಳಲ್ಲಿ ಎರಡು ಬಗೆಯವಿವೆ. ಕಂದುಹೊಟ್ಟೆಯದು ಬಿಸಿಲೇರಿದ ಮೇಲೆ ಗುಂಪಾಗಿ ಕೂಗುತ್ತ ನೀರಿಗೆ ಬರುತ್ತದೆ, ಅದರ ಬಾಲ ಸೂಜಿಯಂತೆ ಚೂಪು. ಬಣ್ಣದ ಸ್ಯಾಂಡ್‌ಗ್ರೌಸ್ ಬರುವುದು ಸೂರ್ಯ ಮುಳುಗಿದ ಮೇಲಿನ ಮಬ್ಬಿನಲ್ಲಿ. ಹೊತ್ತು ನೋಡಿಯೇ ಇವೆರಡನ್ನೂ ಬಹಳ ಮಟ್ಟಿಗೆ ಬೇರ್ಪಡಿಸಬಹುದು.

## ದಿನವೂ ಕಂಡು ದಿನವೂ ತಪ್ಪಾಗುವವು

ಗದ್ದೆಯಲ್ಲಿರೋ ಬೆಳ್ಳಕ್ಕಿ ಎಲ್ಲಾ ಒಂದೇ ತಾನೆ?

ನಾಟಿಯ ಹೊತ್ತಿನಲ್ಲಿ ಗಂಗಾವತಿಯ ಒಂದೇ ಗದ್ದೆಯಲ್ಲಿ ನಾಲ್ಕು ಜಾತಿಗಳು ಒಟ್ಟಿಗೆ ನಿಂತಿರಬಹುದು. ಟ್ರ್ಯಾಕ್ಟರಿನ ಹಿಂದೆ, ಎಮ್ಮೆಯ ಕಾಲ ಬಳಿ ಓಡಾಡುವ, ಗಿಡ್ಡ ಕತ್ತಿನ, ಗಿಡ್ಡ ಹಳದಿ ಕೊಕ್ಕಿನ, ಗದ್ದ ಉಬ್ಬಿದಂತೆ ಕಾಣುವ ಹಕ್ಕಿ ದನದ ಬೆಳ್ಳಕ್ಕಿ; ಬೇಸಿಗೆಯಿಂದ ಮಳೆಗಾಲದವರೆಗೆ ಅದರ ತಲೆ ಮತ್ತು ಎದೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಕಪ್ಪು ಕೊಕ್ಕು, ಕಪ್ಪು ಕಾಲು, ಆದರೆ ಹಳದಿ ಪಾದ ಇದ್ದರೆ ಚಿಕ್ಕ ಬೆಳ್ಳಕ್ಕಿ. ಕೆಸರಿನಲ್ಲಿ ನಿಂತಾಗ ಪಾದ ಕಾಣುವುದಿಲ್ಲ, ಹಾರುವವರೆಗೆ ಕಾಯಿರಿ.

ಗೊಂದಲ ಹುಟ್ಟುವುದು ದೊಡ್ಡ ಮತ್ತು ಮಧ್ಯಮ ಬೆಳ್ಳಕ್ಕಿಗಳ ನಡುವೆ. ಎರಡಕ್ಕೂ ಚಳಿಗಾಲದಲ್ಲಿ ಹಳದಿ ಕೊಕ್ಕು, ಕಪ್ಪು ಕಾಲು. ಒಂಟಿಯಾಗಿ ನಿಂತಾಗ ಗಾತ್ರದಿಂದ ಹೇಳಲು ಹೋಗಬೇಡಿ. ಬಾಯಿಯ ಸೀಳುಗೆರೆಯನ್ನು ನೋಡಿ: ದೊಡ್ಡ ಬೆಳ್ಳಕ್ಕಿಯಲ್ಲಿ ಅದು ಕಣ್ಣನ್ನು ದಾಟಿ ಹಿಂದಕ್ಕೆ ಹೋಗುತ್ತದೆ, ಮಧ್ಯಮದಲ್ಲಿ ಕಣ್ಣಿನ ಕೆಳಗೇ ನಿಲ್ಲುತ್ತದೆ. ಸಂತಾನೋತ್ಪತ್ತಿಯ ಕಾಲದಲ್ಲಿ ಈ ಎರಡರ ಕೊಕ್ಕೂ ಕಪ್ಪಾಗುವುದರಿಂದ, ಕೊಕ್ಕಿನ ಬಣ್ಣವನ್ನಷ್ಟೇ ಕಲಿತವರು ಜುಲೈ ಹೊತ್ತಿಗೆ ಮತ್ತೆ ಮೊದಲಿಗೆ ಬರುತ್ತಾರೆ.

ಗರುಡ ಅಂತೀರಿ, ಇದು ಪೂರ್ತಿ ಕಂದು ಬಣ್ಣ ಅದ. ಹದ್ದು ಅಲ್ಲೇನು?

ಬಿಳಿ ತಲೆ, ಕೆಂಗಂದು ಮೈ ಇರುವುದು ವಯಸ್ಕ ಗರುಡಕ್ಕೆ. ಎಳೆಯ ಗರುಡ ಕಂದು ಬಣ್ಣದ್ದೇ. ಬಾಲವನ್ನು ನೋಡಿ: ಹದ್ದಿನ ಬಾಲದ ತುದಿ ಕವಲೊಡೆದಿರುತ್ತದೆ, ಗರುಡದ್ದು ವಯಸ್ಸು ಯಾವುದೇ ಇರಲಿ ದುಂಡಗಿರುತ್ತದೆ. ಹದ್ದು ಬಾಲವನ್ನು ಪೂರ್ತಿ ಬಿಚ್ಚಿದಾಗ ಕವಲು ಅಳಿಸಿದಂತೆ ಕಾಣುವುದುಂಟು, ಆದ್ದರಿಂದ ಅದು ಒಂದೆರಡು ಸುತ್ತು ಹಾಕುವವರೆಗೆ ನೋಡಿ ನಿರ್ಧರಿಸಿ.

ಕೆರೆಯಲ್ಲಿ ರೆಕ್ಕೆ ಒಣಗಿಸ್ತಾ ಕೂತಿರೋದು ನೀರುಕಾಗೆಯೋ ಹಾವಕ್ಕಿಯೋ?

ಕೊಕ್ಕಿನ ತುದಿ ಬಾಗಿದ್ದರೆ ನೀರುಕಾಗೆ, ಭರ್ಜಿಯಂತೆ ನೇರವಿದ್ದರೆ ಹಾವಕ್ಕಿ. ಈಜುವಾಗ ಮೈಯೆಲ್ಲ ಮುಳುಗಿ ಕತ್ತು ಮಾತ್ರ ಮೇಲೆ ಕಂಡರೂ ಹಾವಕ್ಕಿಯೇ. ನೀರುಕಾಗೆಗಳಲ್ಲಿ ಮತ್ತೆ ಮೂರು ಜಾತಿಗಳಿವೆ. ಗಿಡ್ಡ ಕೊಕ್ಕಿನ ಚಿಕ್ಕದು ಮತ್ತು ಗಂಟಲ ಬಳಿ ಹಳದಿಯಿರುವ ದೊಡ್ಡದನ್ನು ಗುರುತಿಸಲು ಕಲಿತರೆ, ತೆಳುಕೊಕ್ಕಿನ, ಹಸಿರುನೀಲಿ ಕಣ್ಣಿನ ನಡುಗಾತ್ರದ್ದು ತಾನಾಗಿ ಬೇರೆಯಾಗುತ್ತದೆ.

ಜ್ವಾಳ ಹಾಲ್ದೆನಿ ಇದ್ದಾಗ ಗುಂಪುಗುಂಪಾಗಿ ಬಂದು ಮುಕ್ಕೋ ಹಕ್ಕಿ ಯಾವುದು? ಅವನ್ನೂ ಉಳಿಸ್ಬೇಕು ಅಂತೀರೇನು?

ಅದು ಗುಲಾಬಿ ಕಬ್ಬಕ್ಕಿ. ಕಪ್ಪು ತಲೆ ಮತ್ತು ಜುಟ್ಟು, ಗುಲಾಬಿ ಮೈ, ಹೊಳೆವ ಕಪ್ಪು ರೆಕ್ಕೆ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮರಿಮಾಡಿ ಮಳೆಗಾಲ ಮುಗಿಯುವ ಮುನ್ನವೇ ಭಾರತಕ್ಕೆ ಬರತೊಡಗುತ್ತದೆ, ಏಪ್ರಿಲ್ ಹೊತ್ತಿಗೆ ಹಿಂದಿರುಗುತ್ತದೆ. ಅದರ ಎಳೆಯ ಹಕ್ಕಿ ಮಾಸಲು ಕಂದು ಬಣ್ಣದ್ದು, ಕೊಕ್ಕು ಹಳದಿ. ಗುಂಪಿನಲ್ಲಿ ಇವೇ ಹೆಚ್ಚಿದ್ದಾಗ ಗೊರವಂಕದ ಮರಿಗಳೆಂದು ತಿಳಿಯುವವರಿದ್ದಾರೆ. ನಮ್ಮಲ್ಲೇ ವರ್ಷವಿಡೀ ಇರುವ ಕರಿತಲೆ ಕಬ್ಬಕ್ಕಿಯ ಮೈ ಕೇಸರಿಗಂದು, ಅದು ಜೋಡಿಯಾಗಿಯೋ ಸಣ್ಣ ಗುಂಪಿನಲ್ಲೋ ಇರುತ್ತದೆ.

ಎರಡನೇ ಪ್ರಶ್ನೆಗೆ ಹೀಗೆ ಹೇಳಬೇಕಾಗುತ್ತದೆ. ಈ ಹಕ್ಕಿ ಮಿಡತೆಗಳನ್ನು ಅಪಾರವಾಗಿ ತಿನ್ನುತ್ತದೆ ಎಂಬುದು ನಿಜ, ಹಿಂಗಾರಿ ಜೋಳದ ಹಾಲ್ದೆನೆಯನ್ನು ತಿನ್ನುತ್ತದೆ ಎಂಬುದೂ ನಿಜ. ಎಳ್ಳಮವಾಸ್ಯೆಯ ಆಸುಪಾಸಿನಲ್ಲಿ ಅಟ್ಟ ಕಟ್ಟಿ, ಕವಣೆ ಬೀಸಿ, ತಗಡು ಬಡಿದು ಹಕ್ಕಿ ಕಾಯುವವರ ಶ್ರಮವನ್ನು ಬೈನಾಕ್ಯುಲರ್ ಹಿಡಿದವರು ಹಗುರವಾಗಿ ಕಾಣಬಾರದು. ಸದ್ದು ಮಾಡಿ ಓಡಿಸುವುದು ಹಿಂದಿನಿಂದ ಬಂದ ಪದ್ಧತಿ. ವಿಷವಿಡುವುದು ಮತ್ತು ಬಲೆ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಬೇವಿನ ಮರದಲ್ಲಿ ಮೈತುಂಬ ಚುಕ್ಕೆ ಇರೋ ಹೊಸ ಹಕ್ಕಿ ಬಂದಿದೆ, ಯಾವುದು?

ಹೆಣ್ಣು ಕೋಗಿಲೆ. ಪ್ರತಿ ಬೇಸಿಗೆಯಲ್ಲೂ ಈ ಫೋಟೊ ಬರುತ್ತದೆ. ಗಂಡು ಮಾತ್ರ ಕಪ್ಪು.

ಶಿಕ್ರಾ ಅನ್ಕೊಂಡ್ವಿ, ಆದ್ರೆ ಗುಬ್ಬಿಗಳು ಹೆದರಲಿಲ್ಲ.

ಹಾಗಿದ್ದರೆ ಅದು ಶಿಕ್ರಾ ಎಂಬ ಚಿಕ್ಕ ಗಿಡುಗವಾಗಿರದೆ, ಹಾಕ್-ಕುಕೂ ಎಂಬ, ಗಿಡುಗದ ವೇಷದ ಕೋಗಿಲೆ ಇರಬಹುದು. ಕೊಕ್ಕನ್ನು ನೋಡಿ, ಶಿಕ್ರಾದ ಕೊಕ್ಕು ಕೊಂಡಿಯಂತೆ ಬಾಗಿ ಗಿಡ್ಡಗಿರುತ್ತದೆ, ಹಾಕ್-ಕುಕೂವಿನದು ಹೆಚ್ಚುಕಡಿಮೆ ನೇರ. ಕೂತಾಗ ಶಿಕ್ರಾದ ಉದ್ದನೆಯ ಹಳದಿ ಕಾಲು ಎದ್ದು ಕಾಣುತ್ತದೆ. ಆದರೆ ಗುಬ್ಬಿಗಳ ಸಾಕ್ಷ್ಯವನ್ನು ಪೂರ್ತಿ ನಂಬುವಂತಿಲ್ಲ, ಎಷ್ಟೋ ಸಲ ಅವೂ ಈ ವೇಷಕ್ಕೆ ಹೆದರಿ ಕಿರುಚುತ್ತವೆ.

## ಕೈಕೊಡುವ ಹಕ್ಕಿಗಳು

ಎರೆಹೊಲದಾಗ ಮಣ್ಣಿನ ಬಣ್ಣದ ಸಣ್ಣ ಹಕ್ಕಿ ಬಾಳ ಅದಾವ, ಎಲ್ಲಾ ಒಂದ ಥರ ಕಾಣ್ತಾವ. ಹೆಂಗ ಗುರ್ತಿಸೋದು?

ಬಯಲುಸೀಮೆಯ ಹಕ್ಕಿ ನೋಟದಲ್ಲಿ ಅತ್ಯಂತ ಕಷ್ಟದ, ಹಾಗೆಯೇ ಅತ್ಯಂತ ರುಚಿಯಾದ ಭಾಗ ಇದು, ಹೀಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ. ಮೊದಲು ನೆಲಗುಬ್ಬಿಯೋ ಪಿಪಿಟ್ಟೋ ಎಂದು ತೀರ್ಮಾನಿಸಿ. ಪಿಪಿಟ್ ತೆಳುಮೈಯದು, ತೆಳುಕೊಕ್ಕಿನದು, ನೆಟ್ಟಗೆ ನಿಂತು ಬಾಲ ಕುಣಿಸುತ್ತ ಓಡುತ್ತದೆ. ನೆಲಗುಬ್ಬಿ ದಪ್ಪಕೊಕ್ಕಿನದು, ನೆಲಕ್ಕೆ ಒತ್ತಿಕೊಂಡಂತೆ ಕುಳಿತಿರುತ್ತದೆ, ಕಾಲ ಬಳಿ ಬರುವವರೆಗೆ ಏಳುವುದಿಲ್ಲ.

ನೆಲಗುಬ್ಬಿಯಾದರೆ ಹಾರುವಾಗಿನ ಬಾಲ ಮತ್ತು ರೆಕ್ಕೆಯನ್ನು ನೋಡಬೇಕು. ಬಾಲ ತುಕ್ಕುಗೆಂಪಾಗಿದ್ದು ತುದಿಯಲ್ಲಿ ಕಪ್ಪಿದ್ದರೆ, ಕೊಕ್ಕು ದಪ್ಪವಿದ್ದರೆ, ಅದು ಕೆಂಬಾಲದ ನೆಲಗುಬ್ಬಿ. ಕಲ್ಲು ಹರಡಿದ ಮಸಾರಿ ನೆಲ ಮತ್ತು ಉತ್ತ ಹೊಲ ಅದರ ಜಾಗ. ರೆಕ್ಕೆಯಲ್ಲಿ ಕೆಂಗಂದು ಮಿಂಚಿದರೆ ಬುಷ್‌ಲಾರ್ಕ್‌ಗಳ ಪೈಕಿ ಒಂದು. ಇವುಗಳಲ್ಲಿ ಜೆರ್ಡಾನ್ ಬುಷ್‌ಲಾರ್ಕ್ ಮತ್ತು ಇಂಡಿಯನ್ ಬುಷ್‌ಲಾರ್ಕ್ ಎಷ್ಟು ಹೋಲುತ್ತವೆಂದರೆ ಸುಮ್ಮನೆ ಕುಳಿತ ಹಕ್ಕಿಯ ಫೋಟೊ ನೋಡಿ ತೀರ್ಪು ಕೊಡುವವರನ್ನು ನಾನು ನಂಬುವುದಿಲ್ಲ. ಹಾಡನ್ನು ಕೇಳಬೇಕು: ಜೆರ್ಡಾನ್ ಸಾಮಾನ್ಯವಾಗಿ ಗಿಡದ ತುದಿಯಲ್ಲಿ ಅಥವಾ ತಂತಿಯ ಮೇಲೆ ಕುಳಿತು ಒಣ, ಸಣ್ಣ ಸಿಳ್ಳೆಯ ಹಾಡು ಹಾಡುತ್ತದೆ; ಇಂಡಿಯನ್ ಮೇಲಕ್ಕೆ ಹಾರಿ, ರೆಕ್ಕೆ ಎತ್ತಿ ಹಿಡಿದು, ಹಾಡುತ್ತ ತೇಲಿ ಇಳಿಯುತ್ತದೆ.

ಜುಟ್ಟಿದ್ದರೆ ಸೈಕ್ಸ್ ನೆಲಗುಬ್ಬಿಯನ್ನು ಮನಸ್ಸಿನಲ್ಲಿಡಿ. ದಖ್ಖನ್ ಒಣನೆಲದ ಈ ಹಕ್ಕಿಯ ಮೈ ಕೆಂಗಂದು, ಎದೆಯ ಗೀರುಗಳು ಕಡಿಮೆ ಮತ್ತು ತೆಳು. ಇದನ್ನೇ ಹೋಲುವ ಮಲಬಾರ್ ನೆಲಗುಬ್ಬಿಯ ಎದೆಯಲ್ಲಿ ಗೀರುಗಳು ದಟ್ಟ, ಅದರ ನೆಲೆ ಪಶ್ಚಿಮ ಘಟ್ಟದ ಕಡೆ. ಇವೆಲ್ಲಕ್ಕಿಂತ ಚಿಕ್ಕದು, ಗುಬ್ಬಚ್ಚಿಗಿಂತಲೂ ಚಿಕ್ಕದು, ಬೂದುನೆತ್ತಿಯ ನೆಲಗುಬ್ಬಿ. ಅದರ ಗಂಡಿನ ಹೊಟ್ಟೆ ಕಪ್ಪು, ಕಣ್ಣಿಗೆ ಅಡ್ಡಲಾಗಿ ಕಪ್ಪು ಪಟ್ಟಿ. ಮೇಲೇರಿ, ರೆಕ್ಕೆ ಮಡಚಿ, ಸಿಳ್ಳೆ ಹಾಕುತ್ತ ಬಿದ್ದು, ನೆಲ ತಾಗುವ ಮುನ್ನ ಮತ್ತೆ ಮೇಲೇಳುವ ಅದರ ಆಟವನ್ನು ನೋಡಿದವರಿಗೆ ಬೇರೆ ಗುರುತು ಬೇಕಾಗಿಲ್ಲ. ಚಳಿಗಾಲದಲ್ಲಿ ನೂರಾರು ಒಟ್ಟಿಗೆ ಎದ್ದು ಇಳಿಯುವ ಮಾಸಲು ಹಕ್ಕಿಗಳು ವಲಸೆ ಬರುವ ಗಿಡ್ಡಬೆರಳಿನ ನೆಲಗುಬ್ಬಿಗಳು.

ಪಿಪಿಟ್‌ಗಳಲ್ಲಿ ವರ್ಷವಿಡೀ ಇರುವುದು ಗದ್ದೆ ಪಿಪಿಟ್. ಚಳಿಗಾಲದಲ್ಲಿ ಒಣ ಬಯಲಿಗೆ ಬರುವ ಟಾನಿ ಪಿಪಿಟ್ಟಿನ ಮೈ ಮರಳಿನ ಬಣ್ಣದ್ದು, ವಯಸ್ಕ ಹಕ್ಕಿಯ ಎದೆಯಲ್ಲಿ ಗೀರು ಇಲ್ಲವೆನ್ನುವಷ್ಟು ಕಡಿಮೆ, ಕೊಕ್ಕಿನಿಂದ ಕಣ್ಣಿಗೆ ಒಂದು ಕಪ್ಪುಗೆರೆ ಇರುತ್ತದೆ. ರಿಚರ್ಡ್ಸ್ ಮತ್ತು ಬ್ಲೈತ್ಸ್ ಪಿಪಿಟ್‌ಗಳ ಗೊಡವೆಗೆ, ಗದ್ದೆ ಪಿಪಿಟ್ಟಿನ ಕೂಗು ಕಿವಿಯಲ್ಲಿ ಚೆನ್ನಾಗಿ ಕುಳಿತ ಮೇಲಷ್ಟೇ ಹೋಗಿ.

ಹೊಲದ ಮೇಲೆ ಕೆಳಗೇ ತೇಲಾಡೋ ಹದ್ದಿನಂಥ ಹಕ್ಕಿ, ಒಂದು ಬಿಳಿ, ಒಂದು ಕಂದು. ಎರಡೂ ಒಂದೇ ಜಾತಿನಾ?

ಇವು ಹ್ಯಾರಿಯರ್ ಎಂದೂ ಸೆಳೆವ ಎಂದೂ ಕರೆಸಿಕೊಳ್ಳುವ ಬೇಟೆಹಕ್ಕಿಗಳು. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಎರೆಹೊಲಗಳ ಮೇಲೆ ರೆಕ್ಕೆಗಳನ್ನು ಸ್ವಲ್ಪ ಮೇಲೆತ್ತಿ ತೇಲುತ್ತ ಮಿಡತೆ, ಇಲಿ, ನೆಲಗುಬ್ಬಿಗಳನ್ನು ಹಿಡಿಯುತ್ತವೆ. ಗಂಡು ಹೆಣ್ಣುಗಳ ಬಣ್ಣ ಪೂರ್ತಿ ಬೇರೆಯಾದ್ದರಿಂದ ನೀವು ಕಂಡವು ಒಂದೇ ಜಾತಿಯವಿರಬಹುದು, ಇಲ್ಲದೆಯೂ ಇರಬಹುದು.

ಬೂದುಬಿಳಿ ಗಂಡುಗಳಲ್ಲಿ ಎರಡು ಜಾತಿ. ರೆಕ್ಕೆಯ ತುದಿಯಲ್ಲಿ ಸಣ್ಣ ಬೆಣೆಯಾಕಾರದ ಕಪ್ಪು ಮಾತ್ರ ಇದ್ದು ಉಳಿದೆಲ್ಲ ತಿಳಿಯಾಗಿದ್ದರೆ ಪ್ಯಾಲಿಡ್. ತುದಿಯ ಕಪ್ಪು ಅಗಲವಾಗಿದ್ದು, ರೆಕ್ಕೆಯ ನಡುವೆ ಉದ್ದಕ್ಕೂ ಒಂದು ಕಪ್ಪುಗೆರೆ ಇದ್ದು, ಎದೆ ಗಾಢ ಬೂದು, ಹೊಟ್ಟೆಯಲ್ಲಿ ಕೆಂಗಂದು ಗೀರುಗಳಿದ್ದರೆ ಮೊಂಟಾಗ್ಯು. ರಾಮದಾಸ ಹದ್ದನ್ನೂ ಪ್ಯಾಲಿಡ್ ಎಂದು ಬರೆಯುವವರಿದ್ದಾರೆ, ಆದರೆ ಅದು ಒಂದೇ ಜಾಗದಲ್ಲಿ ರೆಕ್ಕೆ ಬಡಿಯುತ್ತ ಗಾಳಿಯಲ್ಲಿ ನಿಲ್ಲುತ್ತದೆ, ವಿದ್ಯುತ್ ತಂತಿಯ ಮೇಲೆ ಕೂರುತ್ತದೆ, ಭುಜದ ಮೇಲೆ ಕಪ್ಪು ಮಚ್ಚೆ ಇರುತ್ತದೆ.

ಕಂದು ಹೆಣ್ಣು ಮತ್ತು ಎಳೆಯ ಹಕ್ಕಿಗಳೇ ನಿಜವಾದ ಪರೀಕ್ಷೆ. ಎರಡೂ ಜಾತಿಗಳಲ್ಲಿ ಸೊಂಟದ ಮೇಲೆ ಬಿಳಿ ಪಟ್ಟಿ ಇರುವುದರಿಂದ ಅದನ್ನು ನಂಬಿ ಪ್ರಯೋಜನವಿಲ್ಲ. ಮುಖವನ್ನು ನೋಡಬೇಕು: ಕೆನ್ನೆಯ ಹಿಂದೆ ಸ್ಪಷ್ಟವಾದ ಬಿಳಿ ಕೊರಳಪಟ್ಟಿ, ಅದರ ಹಿಂದೆ ಗಾಢ ಕಂದು ಕತ್ತು ಇದ್ದರೆ ಪ್ಯಾಲಿಡ್, ಪಟ್ಟಿ ಇಲ್ಲವಾದರೆ ಅಥವಾ ಮಸುಕಾಗಿದ್ದರೆ ಮೊಂಟಾಗ್ಯು. ಮುಖ ಕಾಣದಿದ್ದರೆ ‘ಪ್ಯಾಲಿಡ್ ಅಥವಾ ಮೊಂಟಾಗ್ಯು’ ಎಂದೇ ಬರೆದಿಡಿ. ಭತ್ತದ ಗದ್ದೆ ಮತ್ತು ಜೊಂಡಿನ ಮೇಲೆ ಕಾಣುವ, ಗಾಢ ಕಂದು ಮೈ, ಕೆನೆಬಣ್ಣದ ತಲೆಯ ದಪ್ಪ ಹಕ್ಕಿ ಜವುಗು ಸೆಳೆವದ ಹೆಣ್ಣು, ಅದರಲ್ಲಿ ಈ ತೊಡಕಿಲ್ಲ.

ಸಂಜೆ ಇವು ಹುಲ್ಲುಗಾವಲಿನ ನೆಲದ ಮೇಲೆ ಗುಂಪಾಗಿ ರಾತ್ರಿ ಕಳೆಯುತ್ತವೆ. ಅಂಥ ಜಾಗ ಗೊತ್ತಾದರೆ ದೂರದಲ್ಲಿ ಕುಳಿತು ನೋಡಿ, ಒಳಗೆ ನಡೆಯಬೇಡಿ.

ಕೆಸರುದಂಡೆಯ ಗೊರವಗಳಲ್ಲಿ ಎಲ್ಲಿಂದ ಶುರುಮಾಡಬೇಕು?

ಮುನಿರಾಬಾದ್ ಕಡೆಯ ಹಿನ್ನೀರಾಗಲಿ, ಸಿಂಧನೂರಿನ ಕಾಲುವೆ ಬದಿಯಾಗಲಿ, ಎಲ್ಲ ಕಡೆ ಸಿಗುವ ಮೂರರಿಂದ ಶುರುಮಾಡಿ. ಭುಜದ ಮುಂದೆ ಎದೆಯ ಬಿಳಿ ಮೇಲಕ್ಕೆ ಚಾಚಿಕೊಂಡಿದ್ದು, ಸದಾ ಹಿಂಭಾಗ ಕುಣಿಸುತ್ತ, ನೀರಿಗೆ ತಾಗಿದಂತೆ ರೆಕ್ಕೆ ಕಂಪಿಸಿ ಹಾರುವುದು ಸಾಮಾನ್ಯ ಗೊರವ. ಬೆನ್ನು ಬಹಳ ಕಪ್ಪಾಗಿದ್ದು, ಎದ್ದಾಗ ಬಿಳಿ ಸೊಂಟ ಮಿಂಚಿ, ರೆಕ್ಕೆಯ ಅಡಿ ಕೂಡ ಕಪ್ಪಾಗಿ ಕಾಣುವುದು ಹಸಿರು ಗೊರವ. ಅದು ಹೆಚ್ಚಾಗಿ ಹಳ್ಳ, ಕಾಲುವೆಗಳ ಬಳಿ ಒಂಟಿಯಾಗಿರುತ್ತದೆ. ಉದ್ದನೆಯ ಬಿಳಿ ಹುಬ್ಬುಗೆರೆ, ಬೆನ್ನ ಮೇಲೆ ದಟ್ಟ ಚುಕ್ಕೆ, ಹಳದಿ ಛಾಯೆಯ ಕಾಲು, ತಿಳಿಬಣ್ಣದ ರೆಕ್ಕೆಯಡಿ ಇರುವುದು ವುಡ್ ಸ್ಯಾಂಡ್‌ಪೈಪರ್. ಗದ್ದೆಗಳಲ್ಲಿ ಗುಂಪಾಗಿ ಸಿಗುತ್ತದೆ.

ಅತಿ ಚಿಕ್ಕವಾದ ಸ್ಟಿಂಟ್‌ಗಳಲ್ಲಿ ಕಾಲಿನ ಬಣ್ಣ ಸಾಕು: ಕಪ್ಪಾದರೆ ಲಿಟಲ್, ಹಳದಿಹಸಿರಾದರೆ ಟೆಮಿಂಕ್ಸ್. ಕಾಲಿಗೆ ಕೆಸರು ಮೆತ್ತಿರುವ ಸಾಧ್ಯತೆಯನ್ನು ಮರೆಯಬೇಡಿ.

ನದಿಯ ಮರಳದಿಬ್ಬಗಳಿಗೆ ಸಂಬಂಧಿಸಿದ ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ಹೊಳೆ ರೀವ ಮತ್ತು ಸಣ್ಣ ಪ್ರಾಟಿನ್‌ಕೋಲ್ ಹಕ್ಕಿಗಳು ಬರಿ ಮರಳಿನ ಮೇಲೆಯೇ ಮೊಟ್ಟೆಯಿಡುತ್ತವೆ. ಫೆಬ್ರವರಿಯಿಂದ ಮೇವರೆಗೆ ಹರಿಗೋಲಿನಲ್ಲಿ ಹೋಗಿ ಆ ದಿಬ್ಬಗಳ ಮೇಲೆ ಇಳಿಯುವುದು ಬೇಡ. ಮೊಟ್ಟೆ ಮರಳಿನದೇ ಬಣ್ಣದ್ದಾದ್ದರಿಂದ ತುಳಿದದ್ದೂ ಗೊತ್ತಾಗುವುದಿಲ್ಲ.

ಹಳದಿ ಕೊರಳಿನ ಪಿಕಳಾರ ನೋಡಲು ಹಂಪಿಗೆ ಮೂರು ಸಲ ಹೋದರೂ ಸಿಗಲಿಲ್ಲ. ಎಲ್ಲಿ ತಪ್ಪುತ್ತಿದೆ?

ಬಹುಶಃ ಹೊತ್ತು ಮತ್ತು ಜಾಗ ಎರಡೂ. ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಿ ಮಾತ್ರ ಇರುವ, ಅಪಾಯದ ಅಂಚಿನಲ್ಲಿರುವ ಜಾತಿಗಳ ಪಟ್ಟಿಗೆ ಸೇರಿದ ಈ ಹಕ್ಕಿ ದೇವಸ್ಥಾನದ ಬೀದಿಯಲ್ಲಿ ಸಿಗುವುದಿಲ್ಲ. ಹೆಬ್ಬಂಡೆಗಳ ಸಂದಿನಲ್ಲಿ ಅತ್ತಿ, ಆಲದ ಜಾತಿಯ ಮರಗಳೂ ಹಣ್ಣಿನ ಪೊದೆಗಳೂ ಹಬ್ಬಿರುವ ಇಳಿಜಾರು ಅದಕ್ಕೆ ಬೇಕು. ಆನೆಗುಂದಿ ಕಡೆಯ ಗುಡ್ಡಗಳು ಮತ್ತು ದರೋಜಿಯ ಸುತ್ತಲ ಬಂಡೆಗಳು ಅಂಥವು. ಸೂರ್ಯೋದಯಕ್ಕೆ ಅಲ್ಲಿರಬೇಕು, ಬಿಸಿಲೇರಿದರೆ ಕೂಗೂ ನಿಲ್ಲುತ್ತದೆ.

ಕಂಡಾಗ ಬಿಳಿಹುಬ್ಬಿನ ಪಿಕಳಾರದೊಂದಿಗೆ ಬೆರೆಸಬೇಡಿ, ಅದೂ ಅದೇ ಪೊದೆಗಳಲ್ಲಿರುತ್ತದೆ. ಬಿಳಿಹುಬ್ಬಿನದು ಒಟ್ಟಾರೆ ಮಾಸಲು ಹಸಿರುಗಂದು, ಕಣ್ಣ ಮೇಲೆ ಬಿಳಿ ಗೆರೆ, ಪೊದೆಯೊಳಗಿಂದ ಇದ್ದಕ್ಕಿದ್ದಂತೆ ಗಟ್ಟಿಯಾಗಿ ಉಲಿಯುತ್ತದೆ. ಹಳದಿ ಕೊರಳಿನದಕ್ಕೆ ತಲೆ ಮತ್ತು ಗಂಟಲು ಹಳದಿ, ಎದೆ ಬೂದು, ಬಾಲದ ಬುಡದಡಿ ಮತ್ತೆ ಹಳದಿ, ಬಾಲದ ತುದಿಯಲ್ಲಿ ತಿಳಿ ಅಂಚು.

ಜಾಲಿ ಪೊದೆಯೊಳಗೆ ‘ಚಕ್ ಚಕ್’ ಅನ್ನೋ ಹಕ್ಕಿ ಹೊರಗೇ ಬರಲ್ಲ. ಬಿಟ್ಟುಬಿಡಬೇಕಾ?

ಚಳಿಗಾಲದಲ್ಲಿ ಆ ಕೂಗು ಬಹುಮಟ್ಟಿಗೆ ಬ್ಲೈತ್ಸ್ ರೀಡ್ ವಾರ್ಬ್ಲರ್ ಎಂಬ ಉಲಿಯಕ್ಕಿಯದು. ನೀಳ ಕೊಕ್ಕು, ದುಂಡುತುದಿಯ ಬಾಲ, ಗುರುತೇ ಇಲ್ಲದ ಹಸಿರುಗಂದು ಮೈ. ಅದೇ ಜಾಲಿಯಲ್ಲಿ ಹೆಚ್ಚು ತಿಳಿಬಣ್ಣದ, ಗಿಡ್ಡ ಕೊಕ್ಕಿನ, ಚೌಕ ಬಾಲದ ಉಲಿಯಕ್ಕಿ ಕಂಡರೆ ಬೂಟೆಡ್ ವಾರ್ಬ್ಲರ್ ಇರಬಹುದು. ಅದರ ಜೊತೆ ಸೈಕ್ಸ್ ವಾರ್ಬ್ಲರ್‌ನ ಗೊಂದಲವಿದೆ, ಅದನ್ನು ಬಿಡಿಸಲು ಒಳ್ಳೆಯ ಫೋಟೊಗಳೇ ಬೇಕು.

ರಾತ್ರಿ ಬೈಕಿನ ಬೆಳಕಿಗೆ ಕಣ್ಣು ಕೆಂಪಗೆ ಹೊಳೆಯುತ್ತಾ ರಸ್ತೆಯಲ್ಲಿ ಕೂತಿರುತ್ತೆ. ಹಾಲಕ್ಕಿನಾ?

ಹಾಲಕ್ಕಿ ಮರದ ಪೊಟರೆ ಮತ್ತು ಹಳೆಯ ಗೋಡೆಗಳ ಗೂಬೆ. ರಸ್ತೆಯ ಮಧ್ಯೆ ನೆಲಕ್ಕಂಟಿ ಕೂರುವುದು ನತ್ತಿಂಗ. ನತ್ತಿಂಗಗಳನ್ನು ನೋಡಿ ಜಾತಿ ಹೇಳುವುದಕ್ಕಿಂತ ಕೇಳಿ ಹೇಳುವುದು ಸುಲಭ. ಗಟ್ಟಿ ನೆಲದ ಮೇಲೆ ಬಿಟ್ಟ ಚೆಂಡು ಪುಟಿದು ಪುಟಿದು ನಿಲ್ಲುವಂತೆ ಕೂಗು ಬರಬರುತ್ತ ವೇಗವಾಗಿ ಮುಗಿದರೆ ಭಾರತೀಯ ನತ್ತಿಂಗ, ಕುರುಚಲು ಗುಡ್ಡಗಳಲ್ಲಿ ಇದೇ ಹೆಚ್ಚು. ಹಾರುತ್ತ ‘ಸ್ವೀಶ್’ ಎಂದು ಕೀರಲು ಸದ್ದು ಮಾಡಿದರೆ ಸವನ್ನಾ ನತ್ತಿಂಗ.

## ಪಳಗಿದವರು ಕೇಳುವವು

ಮೊಬೈಲ್ ಆ್ಯಪ್ ಹೆಸರು ಹೇಳುತ್ತಲ್ಲ, ಇಷ್ಟೆಲ್ಲ ಕಲಿಯೋದು ಯಾಕೆ?

ಮರ್ಲಿನ್‌ನಂಥ ಆ್ಯಪ್ ಉಪಯುಕ್ತ, ನಾನೂ ಬಳಸುತ್ತೇನೆ. ಆದರೆ ಅದು ಕೊಡುವುದು ಸೂಚನೆಯನ್ನು. ಕಾಜಾಣ ಶಿಕ್ರಾದ ಕೂಗನ್ನು ಅಣಕಿಸಿದರೆ ಆ್ಯಪ್ ಶಿಕ್ರಾ ಎಂದೇ ತೋರಿಸಬಹುದು. ಹಕ್ಕಿಯನ್ನು ಕಣ್ಣಾರೆ ಕಂಡು ಅಥವಾ ಕೂಗನ್ನು ನೀವೇ ಗುರುತಿಸಿ ಖಚಿತಪಡಿಸಿಕೊಳ್ಳದ ಹೆಸರನ್ನು ಪಟ್ಟಿಗೆ ಸೇರಿಸಬೇಡಿ. ಆ್ಯಪಿನಲ್ಲಿರುವ ಕೂಗನ್ನು ಸ್ಪೀಕರಿನಲ್ಲಿ ಹಾಕಿ ಹಕ್ಕಿಯನ್ನು ಹತ್ತಿರ ಕರೆಯುವುದಂತೂ ಬೇಡವೇ ಬೇಡ, ಅದರಲ್ಲೂ ಚಿಟ್ಟುಕೋಳಿ, ಹಳದಿ ಕೊರಳಿನ ಪಿಕಳಾರಗಳು ಮರಿಮಾಡುವ ಕಾಲದಲ್ಲಿ.

ಪಟ್ಟೆತಲೆ ಹೆಬ್ಬಾತಿನ ಕತ್ತಿನಲ್ಲಿ ಬಣ್ಣದ ಪಟ್ಟಿ ಕಂಡಿತು. ಏನು ಮಾಡಬೇಕು?

ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ ಮತ್ತು ಅಂಕಿ, ಅಕ್ಷರಗಳ ಬಣ್ಣ, ದಿನಾಂಕ, ಜಾಗ ಇಷ್ಟನ್ನೂ ಬರೆದುಕೊಂಡು, ಸಾಧ್ಯವಾದರೆ ಫೋಟೊ ಸಹಿತ ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ. ಮಂಗೋಲಿಯಾ, ಟಿಬೆಟ್‌ಗಳಲ್ಲಿ ಮರಿಮಾಡಿ ಹಿಮಾಲಯ ದಾಟಿ ಬರುವ ಈ ಹೆಬ್ಬಾತುಗಳ ದಾರಿ ತಿಳಿದದ್ದೇ ಇಂಥ ಪಟ್ಟಿಗಳು ಮತ್ತು ಉಪಗ್ರಹ ಸಾಧನಗಳಿಂದ. ಹಗಲು ಕೆರೆಯ ನಡುವೆ ವಿಶ್ರಮಿಸಿ, ಇರುಳಲ್ಲೂ ನಸುಕಿನಲ್ಲೂ ಕಡಲೆ, ಶೇಂಗಾ ಹೊಲಗಳಿಗೆ ಮೇಯಲು ಹೋಗುವುದರಿಂದ, ಪಟ್ಟಿಯನ್ನು ಓದಲು ಅವು ದಂಡೆಯಲ್ಲಿ ನಿಂತಿರುವ ಬೆಳಗಿನ ಹೊತ್ತು ಅನುಕೂಲ. ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆ ಇವುಗಳಿಗೆ ಹೆಸರಾಗಿದೆ. ಆ ಕೆರೆಯೂ ನಮ್ಮ ಅಂಕಸಮುದ್ರವೂ 2024ರಲ್ಲಿ ಒಟ್ಟಿಗೇ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದವು.

ಅಪರೂಪದ ಹಕ್ಕಿ ಕಂಡೆ ಅಂದರೆ ಯಾರೂ ನಂಬುವುದಿಲ್ಲ. ಹೇಗೆ ದಾಖಲಿಸಬೇಕು?

ಪುಸ್ತಕ ತೆರೆಯುವ ಮೊದಲೇ, ಹಕ್ಕಿ ಕಣ್ಣ ಮುಂದಿರುವಾಗಲೇ ಕಂಡದ್ದನ್ನು ಬರೆಯಿರಿ: ಗಾತ್ರವನ್ನು ಪಕ್ಕದಲ್ಲಿದ್ದ ಪರಿಚಿತ ಹಕ್ಕಿಗೆ ಹೋಲಿಸಿ, ಕೊಕ್ಕು, ಕಾಲು, ಬಾಲ, ಹಾರಿದಾಗಿನ ಗುರುತು, ನೆಲ ಎಂಥದ್ದು, ಏನು ಮಾಡುತ್ತಿತ್ತು, ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು. ಚಿತ್ರ ನೋಡಿದ ಮೇಲೆ ಬರೆದ ಟಿಪ್ಪಣಿಯಲ್ಲಿ ಚಿತ್ರದ ಹಕ್ಕಿಯೇ ಇರುತ್ತದೆ. ಮಸುಕಾದ ಫೋಟೊವನ್ನೂ ಅಳಿಸಬೇಡಿ. ಹಕ್ಕಿ ಪಟ್ಟಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಅಪರೂಪದ ದಾಖಲೆಗೆ ವಿವರ ಕೇಳಿ ಪರಿಶೀಲಕರು ಬರೆದರೆ ಅದನ್ನು ಅವಮಾನವೆಂದು ತಿಳಿಯಬಾರದು, ಅದು ಎಲ್ಲರಿಗೂ ಕೇಳುವ ಪ್ರಶ್ನೆ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ನಲ್ಲಿ ರಾಯಚೂರಿನ ಮಾವಿನಕೆರೆಯಂಥ ಊರೊಳಗಿನ ಕೆರೆಯ ಮಾಮೂಲಿ ಪಟ್ಟಿಯನ್ನೂ ಸೇರಿಸಿ. ಹಂಪಿಯ ಪಟ್ಟಿಗಳನ್ನು ಬೇಕಾದಷ್ಟು ಜನ ಬರೆಯುತ್ತಾರೆ, ಮಾನ್ವಿ, ಕುಷ್ಟಗಿ, ದೇವದುರ್ಗಗಳದ್ದನ್ನು ಬರೆಯುವವರೇ ಕಡಿಮೆ.

ಸಿರುಗುಪ್ಪದಾಗ ಎರಲಡ್ಡು ಐತಂತ. ಜಾಗ ಹೇಳ್ರಿ, ಒಂದ ಫೋಟೊ ತಗೊಂಡು ಬಂದ್ಬಿಡ್ತೀವಿ.

ಹೇಳುವುದಿಲ್ಲ. ಎರಲಡ್ಡು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಅಳಿವಿನ ತೀರಾ ಅಂಚಿಗೆ ಬಂದಿರುವ ಹಕ್ಕಿ. ಕರ್ನಾಟಕದಲ್ಲಿ ಅದರ ಹೆಸರು ಕೇಳಿಬರುವುದು ಸಿರುಗುಪ್ಪದ ಎರೆಭೂಮಿಯಿಂದ ಮಾತ್ರ ಎನ್ನುವ ಸ್ಥಿತಿ ಇದೆ. ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ವಾಹನ ಹಿಂಬಾಲಿಸಿದ್ದಕ್ಕೆ ಎದ್ದು ಹಾರಿ ವಿದ್ಯುತ್ ತಂತಿಗೆ ಬಡಿದರೆ ಅಲ್ಲಿಗೆ ಮುಗಿಯಿತು. ಮುಂದಕ್ಕೆ ಸರಿಯಾಗಿ ನೋಟವಿಲ್ಲದ ಈ ಭಾರದ ಹಕ್ಕಿಗೆ ತಂತಿಗಳೇ ದೊಡ್ಡ ಕಂಟಕ. ಅಕಸ್ಮಾತ್ ನಿಮಗೇ ಕಂಡರೆ ಗಾಡಿಯಿಂದ ಇಳಿಯದೆ ನೋಡಿ, ಅರಣ್ಯ ಇಲಾಖೆಗೆ ತಿಳಿಸಿ, ಫೋಟೊವನ್ನು ಜಾಗದ ಗುರುತಿನೊಂದಿಗೆ ಎಲ್ಲಿಯೂ ಹಂಚಬೇಡಿ.